ಗಂಡನ ಮನೆಯಿಂದ ನ್ಯಾಯಸ್ಥಾನದವರೆಗೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಸಂಸಾರದ ಸಣ್ಣಪುಟ್ಟ ಮನಸ್ತಾಪಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಗಂಟಿಕ್ಕಿದ ಗಂಡ, ಗೌರಿ ಹಬ್ಬಕ್ಕೆ ತವರಿಗೆ ಕಳುಹಿಸಲಿಲ್ಲವೆಂದು ಮಾತು ಬಿಟ್ಟ ಹೆಂಡತಿ, ಇವರ ನಡುವೆ ಮೂರನೆಯವರು ಬಾಯಿ ಹಾಕದಿರುವುದೇ ಲೇಸು. ಆದರೆ ಮೈಮೇಲೆ ಬಾಸುಂಡೆ ಹೊತ್ತು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ನಡುರಾತ್ರಿಯಲ್ಲಿ ತವರಿನ ಕದ ತಟ್ಟಿದವಳಿಗೂ ಇದೇ ಗಾದೆಯನ್ನು ಹೇಳಿ ಹಿಂದಕ್ಕೆ ಕಳುಹಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದು ಸಾಲದೆಂದು ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಇನ್ನೊಂದು ಗಾದೆಯೂ ಉಂಟು. ಹೀಗೆ ಒಂದು ಗಾದೆ ಗಂಡನ ಮನೆಯ ಬಾಗಿಲನ್ನು ಹೊರಗಿನವರಿಗೆ ಮುಚ್ಚಿತು. ಇನ್ನೊಂದು ಗಾದೆ ತವರಿನ ಬಾಗಿಲನ್ನು ಆಕೆಗೆ ಮುಚ್ಚಿತು. ಉಳಿದದ್ದು ನ್ಯಾಯಸ್ಥಾನದ ಬಾಗಿಲು.

ಆ ಬಾಗಿಲನ್ನು ತಟ್ಟಿದವಳಿಗೆ ನಮ್ಮ ದೇಶದ ನ್ಯಾಯಸ್ಥಾನಗಳು ಕಳೆದ ಒಂದೂವರೆ ಶತಮಾನದಲ್ಲಿ ಏನು ಉತ್ತರ ಕೊಟ್ಟವು ಎಂಬುದನ್ನು ಇಲ್ಲಿ ಸ್ಥೂಲವಾಗಿ ನೋಡೋಣ. ಮೊದಮೊದಲು ನ್ಯಾಯಸ್ಥಾನ ಆಕೆಯನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ನೀನೇಕೆ ಗಂಡನ ಮನೆಗೆ ಹಿಂದಿರುಗುವುದಿಲ್ಲ? ನೀನು ಎಲ್ಲಿ ಕ್ಷೇಮವಾಗಿರಬಲ್ಲೆ ಎಂಬ ಎರಡನೆಯ ಪ್ರಶ್ನೆ ಕಾನೂನಿನ ಬಾಯಿಗೆ ಬರಲು ಬಹುಕಾಲ ಹಿಡಿಯಿತು. ಅದು ಬಂದ ಮೇಲೂ ಮೊದಲನೆಯ ಪ್ರಶ್ನೆ ಮಾಯವಾಗಲಿಲ್ಲ. ಇಂದು ನೊಂದ ಹೆಣ್ಣುಮಗಳು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಈ ಎರಡು ಪ್ರಶ್ನೆಗಳ ನಡುವೆಯೇ ದಾರಿ ಹುಡುಕಬೇಕಾಗಿದೆ.

ಇಂಗ್ಲಿಷರ ಆಳ್ವಿಕೆಯಲ್ಲಿ ಗಂಡಹೆಂಡಿರ ವ್ಯಾಜ್ಯ ನ್ಯಾಯಸ್ಥಾನಕ್ಕೆ ಬಂದದ್ದು ಬಹುಮಟ್ಟಿಗೆ ಗಂಡಂದಿರ ಮೂಲಕವೇ. ಇಂಗ್ಲೆಂಡಿನ ಚರ್ಚಿನ ನ್ಯಾಯಸ್ಥಾನಗಳಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎಂಬ ಒಂದು ಬಗೆಯ ದಾವೆ ಇದ್ದಿತು. ಸಕಾರಣವಿಲ್ಲದೆ ಬಿಟ್ಟುಹೋದ ಸಂಗಾತಿಯನ್ನು ಮರಳಿ ಬಂದು ಬಾಳುವಂತೆ ಆಜ್ಞಾಪಿಸಬೇಕೆಂದು ಕೇಳುವ ದಾವೆ ಅದು. ನಮ್ಮ ಧರ್ಮಶಾಸ್ತ್ರಗಳಲ್ಲಿಯಾಗಲಿ ನಮ್ಮ ಪಂಚಾಯಿತಿಗಳ ರೂಢಿಯಲ್ಲಿಯಾಗಲಿ ಈ ಹೆಸರಿನ ದಾವೆ ಇದ್ದಂತಿಲ್ಲ. ಆದರೂ ಅದು ಇಂಗ್ಲಿಷ್ ನ್ಯಾಯಾಧೀಶರೊಡನೆ ಹಡಗು ಹತ್ತಿ ಇಲ್ಲಿಗೆ ಬಂದು ನೆಲೆಯೂರಿತು.

ಈ ಬಗೆಯ ಮೊಕದ್ದಮೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ಬಂಗಾಳದ ಮುನ್ಷಿ ಬಜ್ಲೂರ್ ರಹೀಮ್ ಎಂಬಾತನಿಗೂ ಆತನ ಪತ್ನಿ ಶಂಸುನ್ನೀಸಾ ಬೇಗಂ ಎಂಬಾಕೆಗೂ ನಡೆದದ್ದು. ಬೇಗಂ ಅನುಕೂಲವಂತೆ. ತನ್ನ ಸರ್ಕಾರಿ ಸಾಲಪತ್ರಗಳು ಗಂಡನ ಕೈಗೆ ಸೇರಿದುವೆಂದೂ ಅವು ತನಗೆ ಮರಳಿ ಬರಬೇಕೆಂದೂ ಆಕೆ ವ್ಯಾಜ್ಯ ಹೂಡಿದ್ದಳು. ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಿಕೊಡಬೇಕೆಂಬುದು ಗಂಡನ ವ್ಯಾಜ್ಯ. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1867ರಲ್ಲಿ ತೀರ್ಪಾಯಿತು. ಇಂಥ ದಾವೆಯನ್ನು ಭಾರತದ ಸಿವಿಲ್ ನ್ಯಾಯಸ್ಥಾನಗಳು ವಿಚಾರಿಸಬಹುದೆಂದು ಆ ತೀರ್ಪು ಹೇಳಿತು. ಅದರೊಡನೆಯೇ ಇನ್ನೊಂದು ಮಾತನ್ನೂ ಹೇಳಿತು: ಹೆಂಡತಿ ಮರಳಿ ಹೋದರೆ ಆಕೆಗೆ ಅಪಾಯವಾಗುವಷ್ಟು ಕ್ರೌರ್ಯವಿದ್ದರೆ, ಆಕೆಯನ್ನು ಕಳುಹಿಸಿಕೊಡಲು ನ್ಯಾಯಸ್ಥಾನ ನಿರಾಕರಿಸಬಹುದು. ಒಂದೇ ತೀರ್ಪಿನಲ್ಲಿ ಬೇಡಿಯೂ ಇದ್ದಿತು, ಆ ಬೇಡಿಯ ಬೀಗದ ಕೈಯೂ ಇದ್ದಿತು ಎನ್ನಬಹುದು. ಕ್ರೌರ್ಯವೆಂಬ ಪದ ಹೆಂಡತಿಯ ಕಾವಲಿಗೆ ನಿಂತದ್ದು ಹೀಗೆ. ಆದರೆ ಆಗ ಅದು ಗುರಾಣಿ ಮಾತ್ರ. ಗಂಡ ದಾವೆ ಹೂಡಿದರೆ ಆಕೆ ಅದನ್ನು ಅಡ್ಡ ಹಿಡಿಯಬಹುದಾಗಿತ್ತು. ತಾನಾಗಿ ಅದನ್ನು ಹಿಡಿದುಕೊಂಡು ರಕ್ಷಣೆ ಕೇಳಲು ಹೋಗುವಂತಿರಲಿಲ್ಲ.

ಇದಾಗಿ ಇಪ್ಪತ್ತು ವರ್ಷಗಳೊಳಗೆ ಮುಂಬಯಿಯಲ್ಲಿ ಇನ್ನೊಂದು ಮೊಕದ್ದಮೆ ದೇಶವನ್ನೇ ಅಲುಗಿಸಿತು. ರುಖ್ಮಾಬಾಯಿಯವರಿಗೆ 11ನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವರೊಡನೆ ಮದುವೆಯಾಗಿತ್ತು. ಮದುವೆಯ ನಂತರವೂ ಅವರು ತಾಯಿ ಮತ್ತು ಮಲತಂದೆ ಡಾಕ್ಟರ್ ಸಖಾರಾಮ್ ಅರ್ಜುನ್ ಅವರ ಮನೆಯಲ್ಲಿಯೇ ಬೆಳೆದು ವಿದ್ಯಾವಂತೆಯಾದರು. ಗಂಡನೊಡನೆ ಸಂಸಾರ ಹೂಡಲು ಒಪ್ಪಲಿಲ್ಲ. 1884ರಲ್ಲಿ ದಾದಾಜಿ ದಾವೆ ಹಾಕಿದರು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅವರು, ತಿಳಿವಳಿಕೆ ಬಾರದ ವಯಸ್ಸಿನಲ್ಲಿ ಮದುವೆಯಾದ ಹೆಣ್ಣುಮಗಳನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಒಪ್ಪಿಸಿಕೊಡುವುದು ಕ್ರೂರವೆಂದು ದಾವೆಯನ್ನು ತಳ್ಳಿಹಾಕಿದರು. 1886ರಲ್ಲಿ ಮೇಲಿನ ಪೀಠ ಆ ತೀರ್ಪನ್ನು ರದ್ದುಮಾಡಿತು. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫ್ಯಾರನ್ ಅವರು, ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ 6 ತಿಂಗಳ ಸೆರೆವಾಸವಾದೀತು ಎಂದರು. ಸೆರೆಮನೆಗೆ ಹೋಗುವುದೇ ಮೇಲೆಂದು ರುಖ್ಮಾಬಾಯಿಯವರು ಉತ್ತರ ಕೊಟ್ಟರು. ಕೊನೆಗೆ 1888ರಲ್ಲಿ 2,000 ರೂಪಾಯಿ ಪಡೆದು ದಾದಾಜಿ ರಾಜಿಯಾದರು. ರುಖ್ಮಾಬಾಯಿಯವರು ಲಂಡನ್ನಿಗೆ ಹೋಗಿ ವೈದ್ಯ ವಿದ್ಯೆ ಕಲಿತು ಬಂದು, ಸೂರತ್ ಮತ್ತು ರಾಜಕೋಟೆಗಳಲ್ಲಿ ಬಹುಕಾಲ ಹೆಂಗಸರ ಶುಶ್ರೂಷೆ ಮಾಡಿದರು.

ರುಖ್ಮಾಬಾಯಿಯವರು ಹೊಡೆತ ತಿಂದ ಹೆಂಡತಿಯಲ್ಲ. ಗಂಡನೊಡನೆ ಅವರು ಬಾಳಿಯೇ ಇರಲಿಲ್ಲ. ಆದರೂ ನಮ್ಮ ಕಥೆಯಲ್ಲಿ ಅವರಿಗೆ ಸ್ಥಾನವಿರುವುದು ಏಕೆಂದರೆ, ಅವರ ವಿರುದ್ಧ ಎತ್ತಿದ ಕೋಲು ಮುಂದೆ ಎಲ್ಲ ಹೆಂಡಂದಿರ ಮೇಲೂ ಬೀಳಬಹುದಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡ ಸೀಮೆಯೂ ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತೆಂಬುದನ್ನು ನೆನೆಯಬೇಕು. ಇದರಲ್ಲಿ ವಿಪರ್ಯಾಸವೊಂದುಂಟು. ದಾದಾಜಿ ದಾವೆ ಹಾಕಿದ ಆ 1884ರಲ್ಲಿಯೇ ಇಂಗ್ಲೆಂಡಿನ ಪಾರ್ಲಿಮೆಂಟು ಅಲ್ಲಿನ ಹೆಂಗಸರ ಮಟ್ಟಿಗೆ ಈ ಸೆರೆವಾಸವನ್ನು ತೆಗೆದುಹಾಕಿತ್ತು. ಇಲ್ಲಿ ಅದು ಹೋದದ್ದು 1923ರಲ್ಲಿ. ತಂದವರ ಮನೆಯಲ್ಲಿ ಬಿಟ್ಟುಹೋದ ಪದ್ಧತಿ ನಮ್ಮಲ್ಲಿ ಮತ್ತೆ 39 ವರ್ಷ ಉಳಿಯಿತು.

ಶ್ರೀಮಂತರ ಮನೆಯ ವ್ಯಾಜ್ಯಗಳು ಹೀಗೆ ಹೈಕೋರ್ಟುಗಳಲ್ಲಿ ನಡೆಯುತ್ತಿದ್ದಾಗ, ಬಡವರ ಮನೆಯ ಹೆಂಗಸಿಗೆ ತೆರೆದಿದ್ದ ಬಾಗಿಲು ಮ್ಯಾಜಿಸ್ಟ್ರೇಟರದು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 488ನೆಯ ಕಲಮಿನ ಪ್ರಕಾರ, ಶಕ್ತಿಯಿದ್ದೂ ಹೆಂಡತಿ ಮಕ್ಕಳನ್ನು ಸಾಕದ ಗಂಡನಿಂದ ತಿಂಗಳಿಗೆ 50 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದಾಗಿತ್ತು. ಆದರೆ ಅಲ್ಲಿಯೂ ಹಳೆಯ ಪ್ರಶ್ನೆ ಕಾದು ಕುಳಿತಿತ್ತು. ಮನೆಗೆ ಬಂದರೆ ಸಾಕುತ್ತೇನೆ ಎಂದು ಗಂಡ ಒಂದು ಮಾತು ಹೇಳಿಬಿಟ್ಟರೆ, ಏಕೆ ಹೋಗುವುದಿಲ್ಲವೆಂಬುದಕ್ಕೆ ಹೆಂಡತಿ ಕಾರಣ ಕೊಡಬೇಕು. ಆತ ಬೇರೊಬ್ಬಳೊಡನೆ ಇದ್ದಾನೆಂದೋ, ವಾಡಿಕೆಯಾಗಿ ತನ್ನನ್ನು ಕ್ರೂರವಾಗಿ ನಡೆಸಿಕೊಂಡಿದ್ದಾನೆಂದೋ ಆಕೆ ಮ್ಯಾಜಿಸ್ಟ್ರೇಟರಿಗೆ ಮನವರಿಕೆ ಮಾಡಿಕೊಡಬೇಕು.

ವಾಡಿಕೆಯಾಗಿ ಎಂಬ ಈ ಒಂದು ಪದವನ್ನು ಓದುಗರು ಗಮನಿಸಬೇಕು. ಒಂದು ಸಲ ಹೊಡೆದರೆ ಸಾಲದು, ಹೊಡೆಯುವುದು ಅಭ್ಯಾಸವಾಗಿರಬೇಕು ಎಂಬ ಅರ್ಥ ಅದರಲ್ಲಿ ಅಡಗಿತ್ತು. ನಾಲ್ಕು ಗೋಡೆಗಳ ನಡುವಿನ ಅಭ್ಯಾಸಕ್ಕೆ ಸಾಕ್ಷಿ ಹೇಳುವವರು ಯಾರು? ಅತ್ತೆಯೋ? ಮೈದುನನೋ? ಈ ಪದದ ಮುಂದಿನ ಕಥೆಯನ್ನು ಇನ್ನೊಂದು ಶತಮಾನ ದಾಟಿದ ಮೇಲೆ ನೋಡಲಿದ್ದೇವೆ.

ಜೀವನಾಂಶದ ಮೊತ್ತದ ಚರಿತ್ರೆಯೂ ತಿಳಿದುಕೊಳ್ಳತಕ್ಕದ್ದು. 50 ರೂಪಾಯಿಯ ಮಿತಿ 1923ರಲ್ಲಿ 100 ಆಯಿತು. 1955ರಲ್ಲಿ 500 ಆಯಿತು. 1973ರ ಹೊಸ ಕೋಡಿನಲ್ಲಿ 488 ಹೋಗಿ 125ನೆಯ ಕಲಮು ಬಂದಿತಾದರೂ 500ರ ಮಿತಿ ಕದಲಲಿಲ್ಲ. 1955ರಲ್ಲಿ 500 ರೂಪಾಯಿ ಒಳ್ಳೆಯ ನೌಕರಿಯಲ್ಲಿದ್ದವರ ಸಂಬಳ. ಬೆಲೆಗಳು ಹಲವು ಪಟ್ಟು ಏರಿದರೂ ಕಾನೂನಿನ ಲೆಕ್ಕದಲ್ಲಿ ಹೆಂಡತಿಯ ಹೊಟ್ಟೆ ಅಷ್ಟಕ್ಕೇ ನಿಂತಿತ್ತು. ಆ ಮಿತಿ ಹೋದದ್ದು 2001ರಲ್ಲಿ, 46 ವರ್ಷಗಳ ಮೇಲೆ. ಮಿತಿಯೊಳಗಾದರೂ ಪೂರ್ತಿ ಸಿಗುತ್ತಿತ್ತೇ? ಇಂದೂರಿನ ಷಾ ಬಾನೋ ಅವರಿಗೆ 1979ರಲ್ಲಿ ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. 1980ರಲ್ಲಿ ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಆ ಮೊತ್ತದ ಮೇಲೆ ನಡೆದ ವ್ಯಾಜ್ಯವೇ 1985ರಲ್ಲಿ ಸುಪ್ರೀಂ ಕೋರ್ಟಿನ ಪ್ರಖ್ಯಾತ ತೀರ್ಪಿಗೆ ಕಾರಣವಾಯಿತು. ನಾಲ್ಕು ದಶಕಗಳ ದಾಂಪತ್ಯದ ನಂತರ ಮನೆಯಿಂದ ಹೊರಬಿದ್ದ ಮುದುಕಿಯ ಊಟದ ಪ್ರಶ್ನೆ ಅದು ಎಂಬುದು ಆಗ ಎದ್ದ ರಾಜಕೀಯದ ಧೂಳಿನಲ್ಲಿ ಬಹುಮಂದಿಗೆ ಕಾಣದೆ ಹೋಯಿತು.

ಇಷ್ಟರೊಳಗೆ ನಮ್ಮ ಮೈಸೂರು ಸಂಸ್ಥಾನದಲ್ಲಿ ನಡೆದ ಒಂದು ಕೆಲಸವನ್ನು ಅಭಿಮಾನದಿಂದ ನೆನೆಯಬೇಕು. ಹಿಂದೂ ಸ್ತ್ರೀಯರ ಹಕ್ಕುಗಳನ್ನು ವಿಚಾರಮಾಡಲು ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ಆಸ್ತಿಯ ವಿಷಯದಲ್ಲಿ ಹೆಂಗಸರಿಗೆ ಕೊಟ್ಟ ಹಕ್ಕುಗಳಿಗಾಗಿ ಅದು ಹೆಸರಾಗಿದೆ. ಕ್ರೌರ್ಯಕ್ಕೆ ಗುರಿಯಾದ ಹೆಂಡತಿ ಗಂಡನನ್ನು ಬಿಟ್ಟು ಬೇರೆ ವಾಸಿಸಿಯೂ ಆತನಿಂದ ಜೀವನಾಂಶ ಪಡೆಯಬಹುದೆಂಬುದನ್ನೂ ಅದು ಒಪ್ಪಿತು. ಇದೇ ಹಕ್ಕನ್ನು ಬ್ರಿಟಿಷ್ ಇಂಡಿಯಾದ ಹಿಂದೂ ಹೆಂಗಸರಿಗೆ ಕೊಡುವ ಕಾಯಿದೆ ದೆಹಲಿಯಲ್ಲಿ ಆದದ್ದು 1946ರಲ್ಲಿ. ಗಂಡನೊಡನೆ ಬಾಳುವುದು ಅಪಾಯಕರ ಅಥವಾ ಅನುಚಿತವಾಗುವಷ್ಟು ಕ್ರೌರ್ಯವಿದ್ದರೆ ಬೇರೆ ಇರಬಹುದೆಂದು ಅದು ಹೇಳಿತು. ಗುರಾಣಿಯಾಗಿದ್ದ ಕ್ರೌರ್ಯ ಎಂಬ ಪದ ಈಗ ಆಕೆಯ ಕೈಯಲ್ಲಿ ಹಕ್ಕಿನ ಚೀಟಿಯಾಯಿತು. ಆದರೂ ಮದುವೆಯ ಗಂಟು ಬಿಚ್ಚಲು ಮಾತ್ರ ಅದು ಸಾಲುತ್ತಿರಲಿಲ್ಲ.

ಹಿಂದೂ ಕೋಡ್ ಮಸೂದೆಗಾಗಿ ಹೋರಾಡಿದ ಡಾಕ್ಟರ್ ಅಂಬೇಡ್ಕರ್ ಅವರು ಅದು ಮುಂದುವರಿಯದ ಬೇಸರದಿಂದ 1951ರಲ್ಲಿ ಮಂತ್ರಿ ಪದವಿಯನ್ನು ಬಿಟ್ಟದ್ದು ಎಲ್ಲರಿಗೂ ತಿಳಿದದ್ದೇ. ಬಳಿಕ ಮಸೂದೆ ತುಂಡು ತುಂಡಾಗಿ ಅಂಗೀಕಾರವಾಯಿತು. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು. ಆದರೆ ಕ್ರೌರ್ಯ ವಿಚ್ಛೇದನದ ಕಾರಣಗಳ ಪಟ್ಟಿಯಲ್ಲಿರಲಿಲ್ಲ. ಹೊಡೆತ ತಿಂದವಳು ಮೊದಲು ನ್ಯಾಯಸ್ಥಾನದಿಂದ ಬೇರ್ಪಡೆಯ ಆಜ್ಞೆ ಪಡೆಯಬೇಕು, ಅದಾಗಿ 2 ವರ್ಷ ಕಾಯಬೇಕು, ಆ ಮೇಲೆ ವಿಚ್ಛೇದನ ಕೇಳಬೇಕು. ಕ್ರೌರ್ಯವೇ ನೇರವಾಗಿ ವಿಚ್ಛೇದನಕ್ಕೆ ಕಾರಣವಾದದ್ದು 1976ರ ತಿದ್ದುಪಡಿಯಿಂದ. ಇನ್ನೂ ಒಂದು ಸಂಗತಿ: ಆ 1955ರ ಕಾಯಿದೆಯ 9ನೆಯ ಕಲಮಿನಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಹಾಗೆಯೇ ಕುಳಿತಿತ್ತು. ರುಖ್ಮಾಬಾಯಿಯವರು 90 ವರ್ಷ ಬಾಳಿ ತೀರಿಕೊಂಡದ್ದು ಅದೇ 1955ರಲ್ಲಿ. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಎ. ಚೌಧರಿ ಅವರು ಆ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ಮರುವರ್ಷವೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಗ್ಲೆಂಡು 1970ರಲ್ಲಿ ಶಾಸನ ಮಾಡಿ ಈ ದಾವೆಯನ್ನೇ ಕಿತ್ತುಹಾಕಿದೆ.

ಎಪ್ಪತ್ತರ ದಶಕದ ಕೊನೆಯಿಂದ ವರದಕ್ಷಿಣೆಗಾಗಿ ಸುಟ್ಟು ಸತ್ತ ಸೊಸೆಯರ ಸುದ್ದಿ ಪತ್ರಿಕೆಗಳಲ್ಲಿ ತುಂಬತೊಡಗಿತು. ಊರೂರುಗಳಲ್ಲಿ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಅವುಗಳಲ್ಲಿ ಒಂದು. 1983ರಲ್ಲಿ ಇಂಡಿಯನ್ ಪೀನಲ್ ಕೋಡಿಗೆ 498-ಎ ಎಂಬ ಕಲಮು ಸೇರಿ, ಗಂಡನ ಮತ್ತು ಆತನ ಬಂಧುಗಳ ಕ್ರೌರ್ಯ 3 ವರ್ಷದವರೆಗೆ ಸೆರೆವಾಸಕ್ಕೆ ಅರ್ಹವಾದ ಅಪರಾಧವಾಯಿತು. 2024ರ ಜುಲೈ 1ರಿಂದ ಇದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಲ್ಲಿದೆ. ಇದು ಶಿಕ್ಷೆಯ ದಾರಿ. ಗಂಡನನ್ನು ಜೈಲಿಗೆ ಕಳುಹಿಸುವುದು ಬಹುಮಂದಿ ಹೆಂಗಸರ ಮೊದಲ ಬಯಕೆಯಾಗಿರಲಿಲ್ಲ. ಹೊಡೆತ ನಿಲ್ಲಬೇಕು, ತಲೆಯ ಮೇಲೊಂದು ಸೂರಿರಬೇಕು, ಮಕ್ಕಳು ತನ್ನ ಬಳಿ ಇರಬೇಕು, ತಿಂಗಳ ಖರ್ಚು ನಡೆಯಬೇಕು ಎಂಬುದು ಅವರ ಬೇಡಿಕೆ. ಅದಕ್ಕೆ ಈ ಕಲಮಿನಲ್ಲಿ ಉತ್ತರವಿರಲಿಲ್ಲ.

ಕೌಟುಂಬಿಕ ನ್ಯಾಯಾಲಯದ ಕಲ್ಪನೆ ಬಂದದ್ದು ಬೇರೊಂದು ದಿಕ್ಕಿನಿಂದ. ದುರ್ಗಾಬಾಯಿ ದೇಶಮುಖ್ ಅವರು 1953ರಲ್ಲಿ ಚೀನಾ ದೇಶದ ಪ್ರವಾಸ ಮುಗಿಸಿ ಬಂದಾಗ, ಅಲ್ಲಿನ ಕೌಟುಂಬಿಕ ನ್ಯಾಯಾಲಯಗಳನ್ನು ಕಂಡು, ನಮ್ಮಲ್ಲಿಯೂ ಇಂಥವು ಬೇಕೆಂದು ಹೇಳತೊಡಗಿದರು. ಮನೆಯ ಜಗಳವನ್ನು ಗದ್ದೆಯ ಬದುವಿನ ಜಗಳದಂತೆ ವಿಚಾರಿಸಬಾರದು ಎಂಬುದು ಈ ಚಿಂತನೆಯ ಸಾರ. 1974ರಲ್ಲಿ ಕಾನೂನು ಆಯೋಗದ 59ನೆಯ ವರದಿ ಇದೇ ಮಾತನ್ನು ಹೇಳಿತು. ಹತ್ತು ವರ್ಷಗಳ ಮೇಲೆ, 1984ರಲ್ಲಿ, ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಅಂಗೀಕಾರವಾಯಿತು. 10 ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಇವನ್ನು ಸ್ಥಾಪಿಸಲೇಬೇಕು. ಬೇರೆಡೆ ಸರ್ಕಾರಕ್ಕೆ ಬಿಟ್ಟದ್ದು.

ಈ ಕಾಯಿದೆಯಲ್ಲಿ ನೊಂದವಳಿಗೆ ಹಿತವಾದ ಅಂಶಗಳು ಹಲವಿವೆ. ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ, ದಂಪತಿಗಳ ಆಸ್ತಿ, ಇವೆಲ್ಲವನ್ನೂ ಒಂದೇ ಕಡೆ ವಿಚಾರಿಸಬಹುದು. ಕಕ್ಷಿಗಳಲ್ಲಿ ಒಬ್ಬರು ಕೇಳಿದರೂ ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕು. ಅಕ್ಕಪಕ್ಕದವರ ಮುಂದೆ ಮಾನ ಹರಾಜಾಗುವ ಭಯವಿಲ್ಲ. ಸಾಕ್ಷ್ಯದ ಬಿಗಿಯಾದ ಕಟ್ಟಳೆಗಳನ್ನು ಸಡಿಲಿಸಲಾಗಿದೆ. ನ್ಯಾಯಾಧೀಶರ ನೇಮಕದಲ್ಲಿ ಹೆಂಗಸರಿಗೆ ಆದ್ಯತೆಯುಂಟು.

ಆದರೆ ಅದೇ ಕಾಯಿದೆ, ವಿವಾಹ ಸಂಸ್ಥೆಯನ್ನು ಉಳಿಸಿ ಕಾಪಾಡುವ ಶ್ರದ್ಧೆಯುಳ್ಳವರನ್ನು ನ್ಯಾಯಾಧೀಶರನ್ನಾಗಿ ಆರಿಸಬೇಕೆಂದೂ ಹೇಳುತ್ತದೆ. ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು ವಿಧಿಸುತ್ತದೆ. ಅದಕ್ಕಾಗಿ ಸಲಹೆಗಾರರನ್ನು ಇರಿಸುತ್ತದೆ. ವಕೀಲರನ್ನು ಹಕ್ಕಿನಿಂದ ಇಟ್ಟುಕೊಳ್ಳುವಂತಿಲ್ಲ, ನ್ಯಾಯಾಲಯದ ಒಪ್ಪಿಗೆ ಬೇಕು. ಬಡ ಕಕ್ಷಿಗಳಿಗೆ ಫೀಜಿನ ಹೊರೆ ತಪ್ಪಲಿ, ಮಾತು ಬೆಳೆಯದಿರಲಿ ಎಂಬ ಸದುದ್ದೇಶ ಇದರ ಹಿಂದಿದ್ದಿತು. ಆದರೆ ನಿನ್ನೆಯವರೆಗೆ ಗಂಡನ ಕಣ್ಣನ್ನು ನೋಡಿ ನಡುಗುತ್ತಿದ್ದವಳು ಇಂದು ಅವನ ಪಕ್ಕದಲ್ಲಿ ಕುಳಿತು, ತನ್ನ ಕಷ್ಟವನ್ನು ತಾನೇ ಒಪ್ಪವಾಗಿ ಹೇಳಬೇಕಾದರೆ ಬಾಯಿ ಹೇಗೆ ಬಂದೀತು? ರಾಜಿ ಎಂಬುದು ಸಮಾನರ ನಡುವೆ ಒಳ್ಳೆಯದು. ಹೊಡೆಯುವವನಿಗೂ ಹೊಡೆಸಿಕೊಂಡವಳಿಗೂ ರಾಜಿಯಾದರೆ, ಕೊಡುವವಳು ಯಾರು, ಪಡೆಯುವವನು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ ಎಂಬ ಊರ ಪಂಚಾಯಿತಿಯ ಮಾತೇ ಸರ್ಕಾರಿ ಕಟ್ಟಡದಲ್ಲಿ ಮತ್ತೆ ಕೇಳಿಬರುವ ಸಂಭವ ಉಳಿಯಿತು.

ಎರಡನೆಯ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದ್ದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಇದಕ್ಕೆ ಮುಂಚೆ 2002ರಲ್ಲಿ ಲೋಕಸಭೆಯ ಮುಂದೆ ಒಂದು ಮಸೂದೆ ಬಂದಿತ್ತು. ಅದರಲ್ಲಿ ಹಿಂಸೆಯ ಅರ್ಥವನ್ನು ಹೇಳುವಾಗ, ವಾಡಿಕೆಯಾಗಿ ಹಲ್ಲೆ ಮಾಡುವುದು ಎಂದು ಬರೆಯಲಾಗಿತ್ತು. ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ 1898ರಲ್ಲಿ ನಾವು ಕಂಡ ಪದವೇ ನೂರು ವರ್ಷಗಳ ಮೇಲೆ ಮತ್ತೆ ತಲೆಯೆತ್ತಿತು! ಗಂಡ ತನ್ನನ್ನಾಗಲಿ ತನ್ನ ಆಸ್ತಿಯನ್ನಾಗಲಿ ಕಾಪಾಡಿಕೊಳ್ಳಲು ಮಾಡಿದ್ದು ಹಿಂಸೆಯಲ್ಲವೆಂಬ ವಿನಾಯಿತಿಯೂ ಅದರಲ್ಲಿತ್ತು. ಮಹಿಳಾ ಸಂಘಟನೆಗಳೂ ಇಂದಿರಾ ಜೈಸಿಂಗ್ ಮೊದಲಾದ ವಕೀಲರೂ ಇದನ್ನು ಬಲವಾಗಿ ವಿರೋಧಿಸಿದರು. 2005ರಲ್ಲಿ ಆದ ಕಾಯಿದೆಯಲ್ಲಿ ಈ ಪದವೂ ಇಲ್ಲ, ಆ ವಿನಾಯಿತಿಯೂ ಇಲ್ಲ. ಮೈಗೆ ಮಾಡಿದ ನೋವು, ಲೈಂಗಿಕ ಹಿಂಸೆ, ಬೈಗುಳ ಮತ್ತು ಮಾನಸಿಕ ಕಿರುಕುಳ, ಖರ್ಚಿಗೆ ಕೊಡದಿರುವುದು, ಆಕೆಯ ಒಡವೆ ಹಣಗಳನ್ನು ಕಸಿದುಕೊಳ್ಳುವುದು, ಇವೆಲ್ಲವೂ ದೌರ್ಜನ್ಯವೇ. 1867ರ ಶಂಸುನ್ನೀಸಾ ಬೇಗಂ ತನ್ನ ಸಾಲಪತ್ರಗಳಿಗಾಗಿ ಮಾಡಿದ ಜಗಳಕ್ಕೂ ತನ್ನ ಮೈಯ ಕ್ಷೇಮಕ್ಕಾಗಿ ಮಾಡಿದ ಜಗಳಕ್ಕೂ ಇರುವ ನಂಟನ್ನು ಕಾನೂನು ಕೊನೆಗೂ ಗುರುತಿಸಿತು.

ಈ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಇದರ ದಾರಿ ಹೀಗಿದೆ. ನೊಂದವಳು ತಾನಾಗಿಯೋ ಸಂರಕ್ಷಣಾಧಿಕಾರಿಯ ಮೂಲಕವೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ನಮ್ಮ ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳು ಈ ಹೊಣೆ ಹೊತ್ತಿದ್ದಾರೆ. ಆಕೆ ತಾತ್ಕಾಲಿಕವಾಗಿ ತಂಗಿರುವ ಊರಿನಲ್ಲಿಯೇ ಅರ್ಜಿ ಹಾಕಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ, ತೀರ್ಮಾನ 60 ದಿನಗಳೊಳಗೆ ಆಗಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಹತ್ತಿರ ಸುಳಿಯದಂತೆ ಗಂಡನಿಗೆ ಆಜ್ಞೆ, ಮನೆಯಲ್ಲಿ ವಾಸಿಸುವ ಹಕ್ಕು, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ಪಾಲನೆ, ಪರಿಹಾರ, ಇವನ್ನು ಕೇಳಬಹುದು. ತುರ್ತು ಇದ್ದರೆ ಎದುರು ಕಕ್ಷಿಯನ್ನು ಕೇಳುವ ಮೊದಲೇ ಮಧ್ಯಂತರ ಆಜ್ಞೆ ದೊರೆಯಬಹುದು. ಸಂರಕ್ಷಣಾ ಆಜ್ಞೆಯನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಲಹೆ ಸಮಾಲೋಚನೆ ಇಲ್ಲಿಯೂ ಉಂಟು. ಆದರೆ 2006ರ ನಿಯಮಗಳಲ್ಲಿ ಒಂದು ಮಾತಿದೆ: ಆ ಸಮಾಲೋಚನೆಯಲ್ಲಿ ಗಂಡ ತಾನು ಮಾಡಿದ ಹಿಂಸೆಗೆ ಸಮರ್ಥನೆ ಹೇಳುವಂತಿಲ್ಲ. ಅವಳು ಎದುರುತ್ತರ ಕೊಟ್ಟಳು, ಅದಕ್ಕೆ ಕೈ ಮಾಡಿದೆ ಎಂಬ ನಮ್ಮ ಪಂಚಾಯಿತಿಗಳ ಹಳೆಯ ಜವಾಬಿಗೆ ಅಲ್ಲಿ ಎಡೆಯಿಲ್ಲ.

ಮನೆಯ ವಿಷಯದಲ್ಲಿ ಮತ್ತೊಂದು ತೊಡಕು ಎದುರಾಯಿತು. ಮನೆ ಗಂಡನದಲ್ಲ, ಅತ್ತೆ ಮಾವಂದಿರದು ಎಂದಾದರೆ ಸೊಸೆಗೆ ಅಲ್ಲಿ ವಾಸದ ಹಕ್ಕಿಲ್ಲವೆಂದು 2006ರ ಡಿಸೆಂಬರಿನಲ್ಲಿ, ಕಾಯಿದೆ ಜಾರಿಯಾದ ಎರಡೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ಹೇಳಿತು. ನಮ್ಮ ದೇಶದಲ್ಲಿ ಎಷ್ಟು ಮಂದಿ ಗಂಡಂದಿರ ಹೆಸರಿನಲ್ಲಿ ಮನೆಯಿದೆ? 2020ರಲ್ಲಿ ಸತೀಶ್ ಚಂದರ್ ಅಹುಜಾ ಅವರ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಹಳೆಯ ಅಭಿಪ್ರಾಯ ಸರಿಯಲ್ಲವೆಂದು ತೀರ್ಮಾನಿಸಿತು. ಕೂಡಿ ಬಾಳಿದ ಮನೆ ಬಂಧುವಿನ ಹೆಸರಿನಲ್ಲಿದ್ದರೂ ಆಕೆ ವಾಸದ ಹಕ್ಕು ಕೇಳಬಹುದು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗಂಡಹೆಂಡಿರಿಬ್ಬರೂ ತಮ್ಮ ವರಮಾನ ಮತ್ತು ಆಸ್ತಿಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದೂ, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ವಿಧಿಸಿತು. ವಾಯಿದೆಯ ಮೇಲೆ ವಾಯಿದೆ ಪಡೆದು ಕಾಲ ತಳ್ಳುವವನಿಗೆ ಇದರಿಂದ ಲಾಭ ಕಡಿಮೆಯಾಯಿತು.

ಹೀಗೆ ಇಂದು ನಮ್ಮ ಊರಿನ ಒಬ್ಬ ಹೆಣ್ಣುಮಗಳ ಮುಂದೆ ಮೂರು ಬಾಗಿಲುಗಳಿವೆ. ಶಿಕ್ಷೆಗೆ ಪೊಲೀಸ್ ಠಾಣೆ, ರಕ್ಷಣೆಗೆ ಮ್ಯಾಜಿಸ್ಟ್ರೇಟರು, ವಿಚ್ಛೇದನ ಮತ್ತು ಮಕ್ಕಳ ಪಾಲನೆಗೆ ಕೌಟುಂಬಿಕ ನ್ಯಾಯಾಲಯ. ಚರಿತ್ರೆ ತುಂಡು ತುಂಡಾಗಿ ಬೆಳೆದದ್ದರಿಂದ ಆಕೆಯ ದಾರಿಯೂ ತುಂಡು ತುಂಡಾಗಿದೆ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ಮೂರು ಕಡೆಯ ವಾಯಿದೆಗಳಿಗೆ ತಿರುಗುವುದು ಸುಲಭವಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ಹುಟ್ಟಿದ್ದು ಸುಮ್ಮನೆಯಲ್ಲ. ಈ ಅಲೆದಾಟವನ್ನು ಕಡಿಮೆ ಮಾಡುವ ಅನುಕೂಲಗಳು ಕೆಲವು ಇವೆ. ಬಹುಮಂದಿಗೆ ಅವು ತಿಳಿದಿಲ್ಲ. 2005ರ ಕಾಯಿದೆಯ ರಕ್ಷಣೆಗಳನ್ನು ಅದರ 26ನೆಯ ಕಲಮಿನಂತೆ ಕೌಟುಂಬಿಕ ನ್ಯಾಯಾಲಯದಲ್ಲಿಯೇ ಕೇಳಬಹುದು. ಹಿಂದೂ ವಿವಾಹ ಕಾಯಿದೆಯ ದಾವೆಯನ್ನು ಹೆಂಡತಿ ತಾನಿರುವ ಊರಿನಲ್ಲಿ ಹೂಡಲು 2003ರ ತಿದ್ದುಪಡಿಯಿಂದ ಅವಕಾಶವಾಗಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ, ವರಮಾನ ಎಷ್ಟೇ ಇರಲಿ, ಯಾವ ಹೆಂಗಸಿಗಾದರೂ ಉಚಿತ ವಕೀಲರ ನೆರವು ಸಲ್ಲುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಕಚೇರಿಯಲ್ಲಿ ಕೇಳಿದರೆ ಸಾಕು. ಮಕ್ಕಳನ್ನು ನೋಡಲು ಬರುವ ನೆಪದಲ್ಲಿ ಮತ್ತೆ ಹಿಂಸೆಯಾದೀತೆಂದು ಕಂಡರೆ ಮ್ಯಾಜಿಸ್ಟ್ರೇಟರು ಆ ಭೇಟಿಯನ್ನು ತಡೆಯಬಹುದು. ಪೆಟ್ಟಾದ ದಿನವೇ ಆಸ್ಪತ್ರೆಗೆ ಹೋಗಿ ಗಾಯದ ಸರ್ಟಿಫಿಕೇಟು ಪಡೆದಿದ್ದರೆ, ನಾಲ್ಕು ಗೋಡೆಗಳ ನಡುವಿನ ಹಿಂಸೆಗೆ ಅದೇ ಸಾಕ್ಷಿಯಾಗಿ ನಿಲ್ಲುತ್ತದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಗಂಡನ ಹಿಂಸೆಯನ್ನು ಕಂಡವರು ದೇಶದಲ್ಲಿ ನೂರಕ್ಕೆ 29 ಮಂದಿ. ಕರ್ನಾಟಕದಲ್ಲಿ ನೂರಕ್ಕೆ 44 ಮಂದಿ. ಹಿಂಸೆಗೆ ಗುರಿಯಾದವರಲ್ಲಿ ಯಾರ ಬಳಿಯಾದರೂ ಸಹಾಯ ಬೇಡಿದವರು ದೇಶದಲ್ಲಿ ನೂರಕ್ಕೆ 14 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ತಾಯಿಗೂ ಹೇಳಲಿಲ್ಲ, ನೆರೆಯವರಿಗೂ ಹೇಳಲಿಲ್ಲ. ಅಂಥವರ ಪಾಲಿಗೆ 1867ರ ತೀರ್ಪೂ ಒಂದೇ, 2005ರ ಕಾಯಿದೆಯೂ ಒಂದೇ.

ಈ ದೀರ್ಘ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿಯೊಂದಿದೆ. ಕಾನೂನು ತಾನಾಗಿ ಹೆಜ್ಜೆ ಮುಂದಿಟ್ಟದ್ದು ಅಪರೂಪ. ಬಂಗಾಳದಲ್ಲಿ ಒಬ್ಬಾಕೆ, ಮುಂಬಯಿಯಲ್ಲಿ ಒಬ್ಬಾಕೆ, ಹೆಸರು ಉಳಿಯದ ಇನ್ನೂ ಸಾವಿರಾರು ಮಂದಿ, ನಾನು ಹಿಂದಿರುಗುವುದಿಲ್ಲ ಎಂದು ಹೇಳಿ ನಿಂತಾಗಲೆಲ್ಲ ಅದು ಒಂದಿಷ್ಟು ಕದಲಿದೆ. ಹಾಗೆ ನಿಂತವರಲ್ಲಿ ರುಖ್ಮಾಬಾಯಿಯವರಿಗೆ ತಾಯಿಯ ಮನೆಯ ಆಸರೆಯಿದ್ದಿತು, ಮಲತಂದೆಯ ಬೆಂಬಲವಿದ್ದಿತು. ನ್ಯಾಯಸ್ಥಾನದ ಮೆಟ್ಟಿಲು ಹತ್ತುವ ಮೊದಲು ಹತ್ತಬೇಕಾದ ಮೆಟ್ಟಿಲು ತವರು ಮನೆಯದು. ಮಗಳೋ ತಂಗಿಯೋ ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಿಂತರೆ, ಯಾವಾಗ ಹೊರಡುತ್ತೀಯೆ ಎಂದು ಕೇಳುವ ಮೊದಲು, ಊಟವಾಯಿತೇ, ಪೆಟ್ಟು ಎಲ್ಲಿ ಬಿದ್ದಿದೆ ಎಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಕಾನೂನಿಗೆ ಒಂದೂವರೆ ಶತಮಾನ ಹಿಡಿದ ಪ್ರಶ್ನೆಯನ್ನು ಮನೆಯವರು ಆ ರಾತ್ರಿಯೇ ಕೇಳಬಹುದು.